ತಪ್ಪು ಯಾರದ್ದು ಅಂತ ಬರೆದುಕೊಡಿ: ಕ್ಲೌಡ್ ಕಂಪನಿಗಳಿಗೆ ಗದಗಿನಿಂದ ಒಂದು ಪತ್ರ

ಕ್ಲೌಡ್ ಸೇವೆ ನಡೆಸುವ ಕಂಪನಿಗಳವರಿಗೆ, ಆ ಕ್ಲೌಡ್ ಮೇಲೆ ಸಾಫ್ಟ್‌ವೇರ್ ಮಾಡಿ ನಮ್ಮಂಥ ಸಣ್ಣ ಸಂಘಗಳಿಗೆ ಮಾರುವವರಿಗೆ,

ನಮಸ್ಕಾರ.

ನಾನು ಗದಗ-ಬೆಟಗೇರಿಯ ಒಂದು ಸಣ್ಣ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮ ಸದಸ್ಯರು ಹೆಚ್ಚಾಗಿ ತರಕಾರಿ ಮಾರುವವರು, ನೇಕಾರರು, ಟೇಲರ್‌ಗಳು, ಆಟೋದವರು, ಮಿರ್ಚಿ-ಗಿರ್ಮಿಟ್ ಗಾಡಿಯವರು. ದಿನಕ್ಕೆ 20 ರೂಪಾಯಿ, 50 ರೂಪಾಯಿ, ವ್ಯಾಪಾರ ಚೆನ್ನಾಗಿ ಆದ ದಿನ 100 ರೂಪಾಯಿ ಪಿಗ್ಮಿ ಕಟ್ಟುತ್ತಾರೆ. ನಮ್ಮ ಪಿಗ್ಮಿ ಏಜೆಂಟರು ಸಂಜೆ ಅವರಿದ್ದಲ್ಲಿಗೇ ಹೋಗಿ ರೊಕ್ಕ ತಗೊಳ್ಳುತ್ತಾರೆ. ಮೊಬೈಲಿನಲ್ಲಿ ಎಂಟ್ರಿ ಒತ್ತುತ್ತಾರೆ. ಸದಸ್ಯರ ಫೋನಿಗೆ ಮೆಸೇಜ್ ಬರುತ್ತದೆ. ಆ ಎಂಟ್ರಿ ಎಲ್ಲಿಗೆ ಹೋಗಿ ಕೂರುತ್ತದೆ ಅಂತ ಬಹಳ ದಿನ ನನಗೂ ಗೊತ್ತಿರಲಿಲ್ಲ. ಈಗ ಗೊತ್ತು. ನಮಗೆ ಸಾಫ್ಟ್‌ವೇರ್ ಕೊಟ್ಟವರು ಒಂದು ಕ್ಲೌಡ್ ಕಂಪನಿಯಲ್ಲಿ, ಅಂದರೆ ತನ್ನ ಕಂಪ್ಯೂಟರುಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಕಂಪನಿಯಲ್ಲಿ, ಜಾಗ ಹಿಡಿದಿದ್ದಾರೆ. ನಮ್ಮ ತರಕಾರಿ ಅಜ್ಜಿಯ 50 ರೂಪಾಯಿಯ ಲೆಕ್ಕ ನಿಮ್ಮಲ್ಲೊಬ್ಬರ ಕಂಪ್ಯೂಟರಿನಲ್ಲಿ ಇದೆ.

ಅದಕ್ಕೇ ಈ ಪತ್ರ.

ಏನಾಯಿತು ಅಂತ ಮೊದಲು ಹೇಳುತ್ತೇನೆ. ಶ್ರಾವಣದ ಒಂದು ಸೋಮವಾರ. ಮಾರ್ಕೆಟ್ ತುಂಬಿತ್ತು. ಮಧ್ಯಾಹ್ನ 3ರ ಸುಮಾರಿಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ನಿಧಾನವಾಯಿತು. ಸ್ವಲ್ಪ ಹೊತ್ತಿಗೆ ಬರೀ ಬಿಳಿ ಸ್ಕ್ರೀನ್, ನಡುವೆ ಗಿರಗಿರ ತಿರುಗುವ ಚಕ್ರ. ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. "ನಮ್ಮ ಕಡೆ ಎಲ್ಲಾ ಸರಿ ಇದೆ ಸರ್, ನಿಮ್ಮ ನೆಟ್ ಚೆಕ್ ಮಾಡಿಸಿ" ಅಂದರು. ಸೇವೆ ನಡೆಯುತ್ತಿದೆಯೋ ನಿಂತಿದೆಯೋ ಅಂತ ತೋರಿಸುವ ಅವರ ಸ್ಟೇಟಸ್ ಪುಟ ತೆಗೆದು ನೋಡಿದೆ. ಮೇಲಿಂದ ಕೆಳಗಿನವರೆಗೆ ಹಸಿರು ಚುಕ್ಕೆ. ನಂಬಿದೆವು. ಕೇಬಲ್ ಹುಡುಗನನ್ನು ಕರೆಸಿ ರೂಟರ್ ಬದಲಿಸಿದೆವು. 1,800 ರೂಪಾಯಿ ಖರ್ಚಾಯಿತು. ಚಕ್ರ ತಿರುಗುತ್ತಲೇ ಇತ್ತು.

ಅಷ್ಟೊತ್ತಿಗೆ ನಮ್ಮ ಒಬ್ಬ ಏಜೆಂಟರು ಮಾರ್ಕೆಟ್‌ನಲ್ಲಿ ಅರ್ಧ ಸುತ್ತು ಮುಗಿಸಿದ್ದರು. ಎಂಟ್ರಿ ಒತ್ತಿದರೆ ಒಮ್ಮೆ ಹೋಯಿತು ಅಂತ ತೋರಿಸುತ್ತಿತ್ತು, ಒಮ್ಮೆ ಸುಮ್ನೆ ನಿಂತುಬಿಡುತ್ತಿತ್ತು. ಕೆಲವರದ್ದು ಎರಡು ಸಲ ಒತ್ತಬೇಕಾಯಿತು. ಅವರು ಕೈಬರಹದ ಕಾಲದಿಂದ ಈ ಕೆಲಸ ಮಾಡಿದವರು. ಅಂಗಿ ಕಿಸೆಯಲ್ಲಿದ್ದ ಸಣ್ಣ ನೋಟ್‌ಬುಕ್ ತೆಗೆದು ಹೆಸರು, ರೊಕ್ಕ, ಹೊತ್ತು ಬರೆದುಕೊಳ್ಳುತ್ತಾ ಹೋದರು. 61 ಜನ. ರಾತ್ರಿ 8ಕ್ಕೆ ಬಂದು ನಗದು ಎಣಿಸಿ ಕೊಟ್ಟರು. ನೋಟ್‌ಬುಕ್ಕಿಗೂ ನಗದಿಗೂ ತಾಳೆ ಆಯಿತು. ಒಂದು ರೂಪಾಯಿ ಹೆಚ್ಚಿರಲಿಲ್ಲ, ಕಡಿಮೆ ಇರಲಿಲ್ಲ.

ಮರುದಿನ ಸಾಫ್ಟ್‌ವೇರ್ ಮತ್ತೆ ಓಡಿತು. ನೋಡಿದರೆ 61ರಲ್ಲಿ 14 ಎಂಟ್ರಿ ಇಲ್ಲವೇ ಇಲ್ಲ. 5 ಎಂಟ್ರಿ ಎರಡೆರಡು ಸಲ ಕೂತಿವೆ.

ನಾವು ನೋಟ್‌ಬುಕ್ ಇಟ್ಟುಕೊಂಡು ಸರಿ ಮಾಡುವ ಮೊದಲೇ ಜನ ಬಂದರು. ಒಬ್ಬ ಅಂಗಡಿಯವರು ಗ್ರೇನ್ ಮಾರ್ಕೆಟ್‌ನಲ್ಲಿ, ಹತ್ತು ಜನರ ಮುಂದೆ, ಏಜೆಂಟರನ್ನು ನಿಲ್ಲಿಸಿ ಕೇಳಿದರಂತೆ: "ನಿನ್ನೆ ರೊಕ್ಕ ಇಸ್ಕೊಂಡ್ರಿ, ಮೆಸೇಜ್ ಯಾಕ ಬಂದಿಲ್ರಿ? ಎಷ್ಟ್ ದಿನದಿಂದ ನಡದೈತಿ ಇದು?" ಅವರು ಆಫೀಸಿಗೆ ಬಂದು ಬ್ಯಾಗ್ ಮೇಜಿನ ಮೇಲಿಟ್ಟು ಬಹಳ ಹೊತ್ತು ಮಾತೇ ಆಡಲಿಲ್ಲ. ತರಕಾರಿ ಅಜ್ಜಿ ಮಧ್ಯಾಹ್ನ ಬಂದಳು. ಕೈಯಲ್ಲಿ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರ್. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಅವಳು ಪಿಗ್ಮಿ ಲೆಕ್ಕವನ್ನೂ ಇಟ್ಟಿದ್ದಳು. ಹಾಲಿಗೆ ನೀಲಿ ಗೀಟು, ಪಿಗ್ಮಿಗೆ ಕೆಂಪು ಗೀಟು. ಓದು ಬರಹ ಬರುವುದಿಲ್ಲ, ಗೀಟು ತಪ್ಪುವುದಿಲ್ಲ. ಆ ಸೋಮವಾರದ ಚೌಕದ ಮೇಲೆ ಬೆರಳಿಟ್ಟು ಏಜೆಂಟರಿಗೆ ಹೇಳಿದಳು: "ತಮ್ಮಾ, ನಿನ್ನ ಮ್ಯಾಲ ನನಗ ಸಂಶೆ ಇಲ್ಲ. ಆದ್ರ ರೊಕ್ಕ ಎಲ್ಲಿ ಹೋತು, ಅಷ್ಟ ಹೇಳು."

ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಉತ್ತರ ನಿಮ್ಮ ಹತ್ತಿರ ಇತ್ತು.

ಎರಡು ದಿನ ಬಿಟ್ಟು ಇಮೇಲ್ ಬಂತು. "ಅನಿರೀಕ್ಷಿತ ತಾಂತ್ರಿಕ ಕಾರಣಗಳಿಂದ ಕೆಲವು ಗ್ರಾಹಕರಿಗೆ ಸೇವೆಯಲ್ಲಿ ವ್ಯತ್ಯಯ ಉಂಟಾಗಿತ್ತು. ಈಗ ಸೇವೆ ಸಾಮಾನ್ಯವಾಗಿದೆ. ಯಾವುದೇ ಡೇಟಾ ನಷ್ಟವಾಗಿಲ್ಲ. ಅನಾನುಕೂಲಕ್ಕೆ ವಿಷಾದಿಸುತ್ತೇವೆ." ಇಷ್ಟೇ. ಇದನ್ನು ನಾನು ಹತ್ತು ಸಲವಾದರೂ ಓದಿದ್ದೇನೆ. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅಂತ ಇಲ್ಲ. ಕೆಲವು ಗ್ರಾಹಕರು ಅಂದರೆ ಯಾರು ಅಂತ ಇಲ್ಲ. ನಾವು ಅದರಲ್ಲಿ ಇದ್ದೇವೋ ಇಲ್ಲವೋ ಅಂತಲೂ ಇಲ್ಲ. ಡೇಟಾ ನಷ್ಟವಾಗಿಲ್ಲ ಅಂತ ಮಾತ್ರ ಇದೆ, ನನ್ನ ಮುಂದೆ 14 ಹೆಸರಿವೆ. ಇದನ್ನು ತೋರಿಸಿದರೆ ಸದಸ್ಯರು ಏನಂದುಕೊಳ್ಳಬೇಕು? ಕಂಪನಿಯವರೇ ಏನೂ ಕಳೆದಿಲ್ಲ ಅನ್ನುತ್ತಿದ್ದಾರೆ, ಹಾಗಿದ್ದರೆ ಕಳೆದದ್ದು ಏಜೆಂಟರ ಕೈಯಲ್ಲೇ ಅಂದುಕೊಳ್ಳುತ್ತಾರೆ. ಅಲ್ವಾ?

ನಾನು ಹೇಳಬೇಕಾದ ಮಾತು ಇದೇ. ನೀವು ನಿಮ್ಮ ಹೆಸರು ಉಳಿಸಿಕೊಳ್ಳಲು ಮಬ್ಬಾಗಿ ಬರೆದ ಒಂದೊಂದು ಸಾಲಿನ ಭಾರವೂ ಕೌಂಟರಿನಲ್ಲಿ ಕೂತವರ ಮೇಲೆ ಬಂದು ಬೀಳುತ್ತದೆ. ನಮ್ಮ ಪಿಗ್ಮಿ ಏಜೆಂಟರ ಮೇಲೆ ಬೀಳುತ್ತದೆ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿಸಿಕೊಳ್ಳುವವರ ಮೇಲೆ, ಆಸ್ಪತ್ರೆಯಲ್ಲಿ ಚೀಟಿ ಮಾಡುವ ಹುಡುಗಿಯ ಮೇಲೆ ಬೀಳುತ್ತದೆ. "ಸರ್ವರ್ ಡೌನ್ ಐತ್ರಿ" ಅಂತ ಅವರು ಹೇಳಿದರೆ ಅರ್ಧ ಜನ ನಂಬುವುದಿಲ್ಲ. ಕೆಲಸ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಸರ್ವರ್ ನಿಜವಾಗಿ ಡೌನ್ ಆಗಿದೆ ಅಂತ ಹೇಳಬೇಕಾದವರು ಬಾಯಿ ಬಿಟ್ಟಿರುವುದಿಲ್ಲವಲ್ಲ.

ಸೇವೆ ಒಂದು ದಿನವೂ ನಿಲ್ಲಬಾರದು ಅಂತ ನಾನು ಕೇಳುತ್ತಿಲ್ಲ. ನಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲ. ಆದರೆ ಲೈನ್‌ಮನ್‌ಗೆ ಫೋನ್ ಮಾಡಿದರೆ "ಟಿಸಿ ಸುಟ್ಟೈತ್ರಿ, ಬ್ಯಾರೇದ್ ಬರಾಕ ಸಂಜಿ ಐದ್ ಆಕ್ಕೈತಿ" ಅನ್ನುತ್ತಾರೆ. ಏನು ಕೆಟ್ಟಿದೆ, ಯಾವಾಗ ಬರುತ್ತದೆ, ಎರಡೂ ಗೊತ್ತಾಯಿತು. ಹಿಟ್ಟಿನ ಗಿರಣಿಯವರು ಬೋರ್ಡ್ ಹಾಕಿ ಮನೆಗೆ ಹೋಗುತ್ತಾರೆ. ಯಾರೂ ಗಿರಣಿಯವರನ್ನು ಬೈಯುವುದಿಲ್ಲ.

ನಮ್ಮ ಪದ್ಧತಿಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಹಕಾರ ಸಂಘಗಳ ಕಾಯ್ದೆ ಬಂದು ಒಂದೇ ವರ್ಷವಾಗಿತ್ತು. ಏಷ್ಯಾದಲ್ಲೇ ಮೊದಲನೆಯದು ಅಂತ ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತೇವೆ. ಅವತ್ತಿನಿಂದ ಸಹಕಾರಿಗಳಲ್ಲಿ ಒಂದು ರೂಢಿ ಇದೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆಯಬೇಕು. ಅಢಾವೆ ಪತ್ರಿಕೆ ಓದಬೇಕು. ಆಡಿಟರು ಬರೆದ ನ್ಯೂನತೆಗಳನ್ನು ಸದಸ್ಯರ ಮುಂದೆ ಇಡಬೇಕು. ಒಂದೊಂದು ನ್ಯೂನತೆಗೂ ಏನು ಮಾಡಿದಿರಿ ಅಂತ ಅನುಪಾಲನಾ ವರದಿ ಕೊಡಬೇಕು. "ಅನಿರೀಕ್ಷಿತ ಕಾರಣದಿಂದ ಶಿಲ್ಕು ಕಡಿಮೆ ಬಿತ್ತು" ಅಂತ ಬರೆದರೆ ಆಡಿಟರು ಬಿಡುತ್ತಾರಾ? ಯಾವ ದಿನ, ಯಾವ ಖಾತೆ, ಯಾರ ಕೈಯಲ್ಲಿ ಕೀಲಿ ಇತ್ತು ಅಂತ ಕೇಳುತ್ತಾರೆ.

ಬಹಳ ವರ್ಷದ ಹಿಂದೆ, ಕೈಯಿಂದ ಕಿರ್ದಿ ಬರೆಯುವ ಕಾಲದಲ್ಲಿ, ನಾನೇ ಒಬ್ಬ ನೇಕಾರರ 500 ರೂಪಾಯಿಯನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಜಮಾ ಮಾಡಿಬಿಟ್ಟಿದ್ದೆ. ಮೂರು ತಿಂಗಳು ಗೊತ್ತಾಗಲಿಲ್ಲ. ಸಭೆಯಲ್ಲಿ ಎದ್ದು ನಿಂತು ಹೇಳಿದೆ. ನಡಾವಳಿಯಲ್ಲಿ ಬರೆಸಿದೆವು. ಆ ಪುಟ ಈಗಲೂ ನಮ್ಮ ಕಪಾಟಿನಲ್ಲಿದೆ. ಅವತ್ತಿನಿಂದ ಒಂದೇ ಹೆಸರಿನವರಿದ್ದರೆ ತಂದೆಯ ಹೆಸರು ನೋಡದೆ ಜಮಾ ಮಾಡಬಾರದು ಅಂತ ನಿಯಮ ಮಾಡಿದೆವು. ಆ ನೇಕಾರರು ಇವತ್ತಿಗೂ ನಮ್ಮಲ್ಲೇ ವ್ಯವಹಾರ ಮಾಡುತ್ತಾರೆ.

ನಿಮ್ಮಲ್ಲೂ ಹೀಗೆ ಎದ್ದು ನಿಂತು ಹೇಳಿದವರಿದ್ದಾರೆ. ಆ ಸೋಮವಾರದ ನಂತರ ನಮ್ಮ ಅಣ್ಣನ ಮಗಳನ್ನು ಕೂರಿಸಿಕೊಂಡು ಹಲವು ರಾತ್ರಿ ಇಂಥ ವರದಿಗಳನ್ನು ಓದಿಸಿ ಕೇಳಿದೆ. ಅವಳು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. 2017ರ ಜನವರಿ 31ರಂದು, ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಉದ್ಯೋಗಿ ರಾತ್ರಿ ಹೊತ್ತು ಕೆಲಸ ಮಾಡುತ್ತಾ, ಬೇರೆ ಸರ್ವರ್ ಅಂದುಕೊಂಡು ಅಸಲಿ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ನೋಡಲು ಹೋದರೆ ಅವೂ ಕೆಲಸ ಮಾಡುತ್ತಿರಲಿಲ್ಲ. ಸುಮಾರು 6 ಗಂಟೆಯ ಡೇಟಾ ಹೋಯಿತು. ಅವರು ಮುಚ್ಚಿಡಲಿಲ್ಲ. ಸರಿ ಮಾಡುವ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಸುಮಾರು 5,000 ಪ್ರಾಜೆಕ್ಟ್, 5,000 ಕಾಮೆಂಟ್, 700 ಹೊಸ ಖಾತೆಗಳಿಗೆ ತೊಂದರೆಯಾಗಿದೆ ಅಂತ ಎಣಿಸಿ ಹೇಳಿದರು. ಆ ಉದ್ಯೋಗಿಯ ಹೆಸರು ಮಾತ್ರ ವರದಿಯಲ್ಲಿ ಬರೆಯಲಿಲ್ಲ. ಬ್ಯಾಕಪ್ ನಡೆಯುತ್ತಿದೆಯೋ ಇಲ್ಲವೋ ನೋಡುವ ವ್ಯವಸ್ಥೆ ಇರಲಿಲ್ಲ, ಅದು ಕಂಪನಿಯ ತಪ್ಪು ಅಂತ ಒಪ್ಪಿಕೊಂಡರು. ಇದನ್ನು ಕೇಳುವಾಗ ನನಗೆ ನಮ್ಮ ಏಜೆಂಟರು ಬ್ಯಾಗ್ ಮೇಜಿನ ಮೇಲಿಟ್ಟು ಕೂತದ್ದು ನೆನಪಾಯಿತು. ಕೆಳಗಿನವನ ಮರ್ಯಾದೆ ಕಾಪಾಡಿ, ತಪ್ಪನ್ನು ಪೂರ್ತಿ ಹೇಳಲು ಬರುತ್ತದೆ ಅಂತಾಯಿತಲ್ಲ.

ಅದೇ ವರ್ಷ ಫೆಬ್ರವರಿ 28ಕ್ಕೆ ಅಮೆಜಾನ್‌ನ ಕ್ಲೌಡ್‌ನಲ್ಲಿ ಫೈಲುಗಳನ್ನು ಇಡುವ ಎಸ್3 ಸೇವೆ ಅಮೆರಿಕದಲ್ಲಿ ಸುಮಾರು 4 ಗಂಟೆ ಕೈಕೊಟ್ಟಿತು. ಕೆಲವೇ ಸರ್ವರ್ ತೆಗೆಯಬೇಕಿದ್ದ ಕಮಾಂಡನ್ನು ತಪ್ಪಾಗಿ ಟೈಪ್ ಮಾಡಿದ್ದರಿಂದ ಬಹಳ ಸರ್ವರ್ ಹೋದವು. ಅವರ ಸ್ಟೇಟಸ್ ಬೋರ್ಡನ್ನು ಬದಲಿಸುವ ವ್ಯವಸ್ಥೆಯೂ ಅದೇ ಎಸ್3 ಮೇಲೆ ನಿಂತಿತ್ತು. ಹಾಗಾಗಿ ಎಲ್ಲಾ ಬಿದ್ದಿದ್ದರೂ ಬೋರ್ಡಿನಲ್ಲಿ ಅದನ್ನು ತೋರಿಸಲು ಆಗಲಿಲ್ಲ. ಇದನ್ನು ಆಮೇಲೆ ಅವರೇ ಬರೆದರು, ಬೋರ್ಡನ್ನು ಬೇರೆ ಕಡೆಗೂ ಹರಡಿದ್ದೇವೆ ಅಂದರು. ನಮ್ಮ ಹಸಿರು ಚುಕ್ಕೆಗಳ ಹಿಂದೆ ಏನಿತ್ತು ಅಂತ ನನಗೆ ಯಾರೂ ಇನ್ನೂ ಹೇಳಿಲ್ಲ.

ವೆಬ್‌ಸೈಟುಗಳನ್ನು ಬೇಗ, ಸುರಕ್ಷಿತವಾಗಿ ಜನರಿಗೆ ತಲುಪಿಸುವ ಕ್ಲೌಡ್‌ಫ್ಲೇರ್ ಕಂಪನಿಯ ಸೇವೆ 2025ರ ನವೆಂಬರ್ 18ರ ಸಂಜೆ, ನಮ್ಮ ಹೊತ್ತಿಗೆ 4.50ಕ್ಕೆ ನಿಂತಿತು. ಡೇಟಾಬೇಸಿನ ಅನುಮತಿಯಲ್ಲಿ ಮಾಡಿದ ಒಂದು ಬದಲಾವಣೆಯಿಂದ ಒಂದು ಫೈಲು ಎರಡು ಪಟ್ಟು ದೊಡ್ಡದಾಗಿ, ಅದನ್ನು ಓದುವ ಪ್ರೋಗ್ರಾಂ ಬಿದ್ದುಹೋಯಿತು. "ಮೊದಲು ಯಾರೋ ದಾಳಿ ಮಾಡಿದ್ದಾರೆ ಅಂತ ತಪ್ಪು ತಿಳಿದೆವು, ಅದು ನಮ್ಮದೇ ಬದಲಾವಣೆ" ಅಂತ ಅವರು ಅದೇ ದಿನ ವಿವರ ಹೊರಗೆ ಹಾಕಿದರು. ಎರಡು ದಿನ ಕಾಯಲಿಲ್ಲ.

ತಡ ಮಾಡಿದವರೂ ಇದ್ದಾರೆ. 2022ರ ಏಪ್ರಿಲ್‌ನಲ್ಲಿ ಕಂಪನಿಗಳ ತಂಡಗಳು ಕೆಲಸ ಹಂಚಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಅಟ್ಲಾಸಿಯನ್ ಕಂಪನಿಯ ಒಂದು ಸ್ಕ್ರಿಪ್ಟ್ (ತಾನಾಗಿ ಓಡುವ ಸಣ್ಣ ಪ್ರೋಗ್ರಾಂ) 775 ಗ್ರಾಹಕರ ಸೈಟುಗಳನ್ನು ಅಳಿಸಿತು. ಕೆಲವರಿಗೆ 14 ದಿನದವರೆಗೆ ಸೇವೆ ಸಿಗಲಿಲ್ಲ. ಗ್ರಾಹಕರನ್ನು ಸಂಪರ್ಕಿಸುವ ವಿವರವೂ ಅಳಿಸಿದ್ದರ ಜೊತೆಗೇ ಹೋಗಿತ್ತು. ಬೇಗ, ಎಲ್ಲರ ಮುಂದೆ ಹೇಳಬೇಕಿತ್ತು ಅಂತ ಕೊನೆಗೆ ಅವರೇ ಒಪ್ಪಿಕೊಂಡರು. ನಮ್ಮ ದೇಶದಲ್ಲೂ 2025ರ ಏಪ್ರಿಲ್ 12ಕ್ಕೆ ಯುಪಿಐ ಕೈಕೊಟ್ಟಾಗ ಮೊದಲು ಬಂದ ಮಾತು ಆಗಾಗ ತಾಂತ್ರಿಕ ತೊಂದರೆ ಆಗುತ್ತಿದೆ ಅಂತ ಮಾತ್ರ. ಆಮೇಲೆ ಆಗಸ್ಟ್ 1ರಿಂದ ಒಂದು ಆಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಜಾಸ್ತಿ ಬ್ಯಾಲೆನ್ಸ್ ನೋಡುವಂತಿಲ್ಲ ಅಂತ ನಿಯಮ ಬಂತು, ಸಿಸ್ಟಮ್ ಮೇಲಿನ ಹೊರೆ ಇಳಿಸಲು ಅಂದರು. ಮಿರ್ಚಿ ಗಾಡಿಯವರಿಗೆ ಬೇಕಿದ್ದ ವಿವರ ಏಪ್ರಿಲ್‌ನಲ್ಲಿ ಬೇಕಿತ್ತು.

ವಿವರ ಕೊಟ್ಟರೂ ನಮಗೆ ತಲುಪುವುದಿಲ್ಲ, ಅದು ಇನ್ನೊಂದು ತೊಂದರೆ. 2025ರ ಅಕ್ಟೋಬರ್ 20, ದೀಪಾವಳಿ ಹಬ್ಬದ ದಿನ. ಮಧ್ಯಾಹ್ನ 12.18ಕ್ಕೆ ಅಮೆಜಾನ್‌ನ ವರ್ಜೀನಿಯಾ ಕೇಂದ್ರದಲ್ಲಿ ತೊಂದರೆ ಶುರುವಾಯಿತು. ಪೂರ್ತಿ ಸರಿಯಾದದ್ದು ನಮ್ಮ ಹೊತ್ತಿಗೆ ಮರುದಿನ ನಸುಕಿನಲ್ಲಿ. ಅವರು ಕೆಲವೇ ದಿನಗಳಲ್ಲಿ ದೊಡ್ಡ ವರದಿ ಹಾಕಿದರು. ಅಣ್ಣನ ಮಗಳು ಅದನ್ನು ಎರಡು ಸಲ ಓದಿ ನನಗೆ ಹೀಗೆ ಹೇಳಿದಳು.

"ಕಾಕಾ, ಒಂದು ಆಫೀಸಿನಲ್ಲಿ ಇಬ್ಬರು ಗುಮಾಸ್ತರಿದ್ದಾರೆ ಅಂದುಕೋ. ಯಾವ ಸೇವೆ ಯಾವ ವಿಳಾಸದಲ್ಲಿದೆ ಅಂತ ಬಾಗಿಲಿಗೆ ಪಟ್ಟಿ ಹಚ್ಚುವುದು ಇಬ್ಬರದ್ದೂ ಕೆಲಸ. ಮೊದಲನೆಯವನು ಹಳೇ ಪಟ್ಟಿ ಹಿಡಿದುಕೊಂಡು ಎಲ್ಲೋ ತಡ ಮಾಡಿದ. ಎರಡನೆಯವನು ಹೊಸ ಪಟ್ಟಿ ಹಚ್ಚಿ, ಹಳೇ ಪಟ್ಟಿಗಳನ್ನೆಲ್ಲ ಹರಿದು ಹಾಕಲು ಶುರು ಮಾಡಿದ. ಅಷ್ಟರಲ್ಲಿ ಮೊದಲನೆಯವನು ಬಂದು ಹೊಸದರ ಮೇಲೆ ತನ್ನ ಹಳೇ ಪಟ್ಟಿ ಹಚ್ಚಿಬಿಟ್ಟ. ಇವನು ಅದು ಹಳೇದು ಅಂತ ಹರಿದುಹಾಕಿದ. ಬಾಗಿಲು ಖಾಲಿ. ಬಂದವರಿಗೆ ವಿಳಾಸವೇ ಇಲ್ಲ." ಆ ಇಬ್ಬರು ಗುಮಾಸ್ತರು ಎರಡು ಪ್ರೋಗ್ರಾಂಗಳು. ಆ ವಿಳಾಸಪಟ್ಟಿಗೆ ಡಿಎನ್‌ಎಸ್ ಅನ್ನುತ್ತಾರಂತೆ. ಪಟ್ಟಿಯನ್ನು ಎರಡೂವರೆ ಗಂಟೆಯಲ್ಲಿ ಜನರೇ ಕೈಯಾರೆ ಸರಿ ಮಾಡಿದರು. ಆದರೆ ಅದನ್ನೇ ನಂಬಿಕೊಂಡಿದ್ದ ಬೇರೆ ಕೆಲಸಗಳು ಒಂದರ ಹಿಂದೆ ಒಂದು ಗಂಟು ಬಿದ್ದು, ಒಟ್ಟು ಹದಿನಾಲ್ಕು ಗಂಟೆ ದಾಟಿತು.

ಇಷ್ಟು ಹೇಳಿದರೆ ಸಾಕು. ಇದನ್ನು ನಾನು ನಮ್ಮ ತರಕಾರಿ ಅಜ್ಜಿಗೆ ಹೇಳಿದರೂ ತಿಳಿಯುತ್ತದೆ. ನಿಮ್ಮಲ್ಲಿ ಸಾವಿರಾರು ಜನ ಕನ್ನಡಿಗರು ಕೆಲಸ ಮಾಡುತ್ತಾರೆ. ಅವರಲ್ಲಿ ಒಬ್ಬರನ್ನು ಕೂರಿಸಿ ಹೀಗೆ ಹತ್ತು ಸಾಲು ಬರೆಸಲು ಎಷ್ಟು ಹೊತ್ತು ಬೇಕು?

ಪರಿಹಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೇವೆ 99.9 ಶೇಕಡ ಹೊತ್ತು ನಡೆಯುತ್ತದೆ ಅಂತ ಒಪ್ಪಂದದಲ್ಲಿ ಬರೆದಿರುತ್ತೀರಿ. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 43 ನಿಮಿಷ ನಿಂತರೂ ಮಾತು ಉಳಿಸಿಕೊಂಡಂತೆಯೇ. ಅದು ದಾಟಿದರೆ ಮುಂದಿನ ಬಿಲ್ಲಿನಲ್ಲಿ ಸ್ವಲ್ಪ ಕಡಿತ, ಅದೂ ನೇರ ಗ್ರಾಹಕರಿಗೆ. ನಮ್ಮವರೆಗೆ ಬರುವುದಿಲ್ಲ. ರೂಟರಿನ 1,800 ರೂಪಾಯಿಯನ್ನು ನಾವು ಸಾದಿಲ್ವಾರು ಖರ್ಚಿನಲ್ಲಿ ಬರೆದುಕೊಂಡಿದ್ದೇವೆ. ಬಿಡಿ.

ಸರ್ಕಾರದವರೂ ಈ ಪತ್ರ ಓದಿದರೆ ಒಂದು ಮಾತು. ಸೈಬರ್ ದಾಳಿಯಂಥದ್ದು ಆದರೆ 6 ಗಂಟೆಯೊಳಗೆ ದೇಶದ ಸೈಬರ್ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನಲ್ಲಿ ಆದೇಶ ಮಾಡಿದ್ದೀರಿ. ಒಳ್ಳೆಯದು. ಆದರೆ ಅದು ಕಂಪನಿ ಸರ್ಕಾರಕ್ಕೆ ಹೇಳುವ ಮಾತು. ರೊಕ್ಕ ಕಟ್ಟಿದವರಿಗೆ, ಅವರ ಹತ್ತಿರ ರೊಕ್ಕ ಇಸ್ಕೊಂಡವರಿಗೆ ಹೇಳಬೇಕು ಅಂತಲೂ ಒಂದು ನಿಯಮ ಬೇಕು. ದಾಳಿ ಆದರೂ ಅಷ್ಟೇ, ತಮ್ಮದೇ ಕೈತಪ್ಪು ಆದರೂ ಅಷ್ಟೇ.

ಈಗ ನಾನು ನಿಮ್ಮನ್ನು ಕೇಳುವುದು. ಸೇವೆ ನಿಂತರೆ ಸ್ಟೇಟಸ್ ಪುಟದ ಹಸಿರು ಚುಕ್ಕೆ ಬೇಗ ಕೆಂಪಾಗಲಿ. ಕಾರಣ ಗೊತ್ತಿಲ್ಲದಿದ್ದರೆ "ನಿಂತಿದೆ, ಕಾರಣ ಇನ್ನೂ ಹುಡುಕುತ್ತಿದ್ದೇವೆ" ಅಂತ ಬರೆಯಿರಿ. ಅದನ್ನು ನಾವು ನಂಬುತ್ತೇವೆ. ಹೆಲ್ಪ್‌ಲೈನಿನಲ್ಲಿ ಕೂತ ಹುಡುಗರಿಗೆ ಮೊದಲು ನಿಜ ತಿಳಿಸಿ, ನಿಮ್ಮ ನೆಟ್ ನೋಡಿಸಿ ಅಂತ ಅವರ ಬಾಯಿಂದ ಹೇಳಿಸಬೇಡಿ. ಸೇವೆ ಮತ್ತೆ ಶುರುವಾದ ಮೇಲೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗಿನ ಎಂಟ್ರಿ ನಂಬುವಂತಿಲ್ಲ ಅಂತ ಪ್ರತಿ ಸಂಘಕ್ಕೂ ಬೇರೆ ಬೇರೆಯಾಗಿ ಪಟ್ಟಿ ಕೊಡಿ. ಎಲ್ಲರಿಗೂ ಒಂದೇ ಇಮೇಲ್ ಕಳಿಸಿದರೆ ನನ್ನ 14 ಹೆಸರು ಅದರಲ್ಲಿ ಸಿಗುವುದಿಲ್ಲ.

ಇದೆಲ್ಲಾ ಆದ ಮೇಲೆ ಒಂದು ಪತ್ರ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ, ಕನ್ನಡದಲ್ಲಿ, ಸಹಿ ಹಾಕಿ: ಇಂಥ ದಿನ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ನಮ್ಮ ವ್ಯವಸ್ಥೆ ಕೆಟ್ಟಿತ್ತು. ಕೆಟ್ಟದ್ದು ಇದರಿಂದ. ಈ ತಪ್ಪು ನಮ್ಮದು, ನಿಮ್ಮ ಸಂಘದ್ದಾಗಲಿ ನಿಮ್ಮ ಏಜೆಂಟರದ್ದಾಗಲಿ ಅಲ್ಲ.

ಆ 14 ಜನರ ಮನೆಗೆ ನಾನೂ ಏಜೆಂಟರೂ ಕೂಡಿಯೇ ಹೋಗಿ ನೋಟ್‌ಬುಕ್ ತೋರಿಸಿ ಬಂದೆವು. ಎಲ್ಲರ ರೊಕ್ಕವೂ ಖಾತೆಗೆ ಸೇರಿದೆ. ಆದರೆ ಮಾರ್ಕೆಟ್‌ನಲ್ಲಿ ಹತ್ತು ಜನರ ಮುಂದೆ ಕೇಳಿದ ಮಾತು ಆ ಹತ್ತು ಜನರ ಮನಸ್ಸಿನಲ್ಲಿ ಹಾಗೇ ಇದೆ. ಏಜೆಂಟರು ಈಗಲೂ ಆ ಅಂಗಡಿಯ ಮುಂದೆ ಹೋಗುವುದಿಲ್ಲ, ಸುತ್ತಿಕೊಂಡು ಹಿಂದಿನ ಓಣಿಯಿಂದ ಹೋಗುತ್ತಾರೆ.

ನಮ್ಮ ಸರ್ವಸಾಧಾರಣ ಸಭೆ ಸೆಪ್ಟೆಂಬರ್‌ನಲ್ಲಿದೆ. ನಿಮ್ಮ ಪತ್ರ ಓದುವುದು ಅಂತ ಏಳನೇ ವಿಷಯವಾಗಿ ಬರೆದಿಟ್ಟಿದ್ದೇನೆ. ಆ ಅಂಗಡಿಯವರೂ ನಮ್ಮ ಸದಸ್ಯರೇ, ಸಭೆಗೆ ಬರುತ್ತಾರೆ. ಅದಕ್ಕಿಂತ ಮೊದಲು ಕಳಿಸಿಕೊಡಿ.

ಇಂತಿ ನಿಮ್ಮ,
ಕಾರ್ಯದರ್ಶಿ, ಒಂದು ಪತ್ತಿನ ಸಹಕಾರ ಸಂಘ
ಗದಗ-ಬೆಟಗೇರಿ